ಕೆರಿದಾ ಅಮಜೋನಿಯಾ: ತೊಂಬತ್ತನೆಯ ಪರಿಚ್ಛೇದದ ತಿರುವು

ಪೋಪ್ ಫ್ರಾನ್ಸಿಸ್ 2020ರ ಫೆಬ್ರವರಿ 12ರಂದು ಹೊರತಂದ ‘ಕೆರಿದಾ ಅಮಜೋನಿಯಾ’ ಒಂದು ಸಿನೊಡೋತ್ತರ ಪ್ರೇಷಿತ ಪ್ರಬೋಧನೆ. ಎಂದರೆ, ಧರ್ಮಾಧ್ಯಕ್ಷರ ಮಹಾಸಭೆಯಾದ ಸಿನೊಡ್ ಒಂದು ವಿಷಯವನ್ನು ಚರ್ಚಿಸಿ ಮುಗಿಸಿದ ಮೇಲೆ ಪೋಪರು ಇಡೀ ಕಥೋಲಿಕ ಧರ್ಮಸಭೆಗೆ ಬರೆಯುವ ಬೋಧನಾಪತ್ರ. ಫ್ರಾನ್ಸಿಸರ ಬರಹಗಳಲ್ಲಿ ಇದಕ್ಕೆ ವಿಶೇಷವಾದ ಕೀರ್ತಿಯೊಂದು ಅಂಟಿಕೊಂಡಿದೆ: ನೆರೆಯವರನ್ನು ಪ್ರೀತಿಸಬೇಕೆಂಬ ಕ್ರೈಸ್ತ ಆಜ್ಞೆಯನ್ನು ಕಾಡು, ನದಿ ಮತ್ತು ಮೂಲನಿವಾಸಿ ಜನಾಂಗಗಳವರೆಗೆ ಚಾಚಿದ ಪ್ರವಾದಿಯ ದನಿ ಇದೆಂದು ಅದರ ಅಭಿಮಾನಿಗಳು ಹೇಳುತ್ತ ಬಂದಿದ್ದಾರೆ. ಈ ಕೀರ್ತಿಯನ್ನು ಗಳಿಸಿಕೊಟ್ಟವು ಅದರ ಮೊದಲ ಮೂರು ಅಧ್ಯಾಯಗಳು. ಗುರುಗಳ ಅಭಾವವನ್ನು, ಅಂದರೆ ಬಲಿಪೂಜೆಯನ್ನು ಅರ್ಪಿಸಬಲ್ಲ ದೀಕ್ಷಿತ ಯಾಜಕರ ಕೊರತೆಯನ್ನು, ಎತ್ತಿಕೊಳ್ಳುವ ನಾಲ್ಕನೆಯ ಅಧ್ಯಾಯ ಆ ಮೂರರ ನೆರಳಿನಲ್ಲಿ ಹೆಚ್ಚಿನ ಪರೀಕ್ಷೆಯಿಲ್ಲದೆ ಪಾರಾಗಿದೆ. ಆ ಅಧ್ಯಾಯದ ನಡುವೆ ಬರುವ ಆರು ಪರಿಚ್ಛೇದಗಳನ್ನು ಒರೆಗೆ ಹಚ್ಚಿದರೆ, ಪತ್ರದ ಉಳಿದ ಭಾಗ ನೆರೆಯವರಿಗೆ ಕೊಟ್ಟ ಮಾತನ್ನು ಅವು ಉಳಿಸಿಕೊಳ್ಳುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಹಿನ್ನೆಲೆ ಬಲ್ಲವರಿಗೆ ಬಲ್ಲದ್ದೇ. 2019ರ ಅಕ್ಟೋಬರ್ 6ರಿಂದ 27ರವರೆಗೆ ರೋಮಿನಲ್ಲಿ ನಡೆದ ಅಮೆಜಾನ್ ಸಿನೊಡ್ ತನ್ನ ಅಂತಿಮ ದಸ್ತಾವೇಜಿನ 111ನೆಯ ಪರಿಚ್ಛೇದದಲ್ಲಿ, ದುರ್ಗಮ ಪ್ರದೇಶಗಳಿಗಾಗಿ, ಸಮುದಾಯದ ಗೌರವಕ್ಕೆ ಪಾತ್ರರಾದ, ಸ್ಥಿರ ಸಂಸಾರವುಳ್ಳ, ಖಾಯಂ ಡೀಕನರಾಗಿ (ಯಾಜಕನಿಗಿಂತ ಕೆಳಗಿನ ದೀಕ್ಷಿತ ಸೇವಾಪದವಿ ಅದು, ವಿವಾಹಿತರಿಗೂ ಸಲ್ಲುತ್ತದೆ) ಅನುಭವ ಪಡೆದ ಗಂಡಸರಿಗೆ ಗುರುದೀಕ್ಷೆ ಕೊಡಲು ಮಾನದಂಡಗಳನ್ನು ರೂಪಿಸಬೇಕೆಂದು ಪ್ರಸ್ತಾಪಿಸಿತು. 128 ಮತಗಳು ಪರವಾಗಿ, 41 ವಿರುದ್ಧವಾಗಿ ಬಿದ್ದವು. ನಾಲ್ಕು ತಿಂಗಳೊಳಗೆ ಬಂದ ಪೋಪರ ಪತ್ರ ಈ ಪ್ರಸ್ತಾಪವನ್ನು ಒಪ್ಪಲಿಲ್ಲ, ತಳ್ಳಿಹಾಕಲಿಲ್ಲ, ಹೆಸರಿಸಲೂ ಇಲ್ಲ.

ಪತ್ರದ ಗುಣಗಳನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಗಣಿ ಮತ್ತು ಮರದ ವ್ಯಾಪಾರಿಗಳ ಲೂಟಿಯನ್ನು ಅನ್ಯಾಯ, ಅಪರಾಧ ಎಂದು ನೇರವಾಗಿ ಕರೆಯುವ ಎದೆಗಾರಿಕೆ, ವಸಾಹತುಕಾಲದಲ್ಲಿ ಧರ್ಮಸಭೆಯ ಮಂದಿ ನಡೆಸಿದ ಅಪರಾಧಗಳಿಗೆ ಕ್ಷಮೆ ಕೇಳುವ ವಿನಯ, ನೆರೂಡ ಮತ್ತು ವಿನಿಸಿಯಸ್ ಡಿ ಮೊರಾಯಿಸ್ ಮೊದಲಾದ ಕವಿಗಳನ್ನು ಧರ್ಮಬೋಧೆಯ ಸಾಕ್ಷಿಗಳಾಗಿ ಕರೆತರುವ ರೀತಿ, ಇವೆಲ್ಲ ವ್ಯಾಟಿಕನ್ನಿನ ಗದ್ಯದಲ್ಲಿ ಅಪರೂಪ. ಆದರೆ ಇವನ್ನು ಹೊಗಳಲು ಜನರ ಕೊರತೆಯಿಲ್ಲ.

ನೋಡಬೇಕಾದದ್ದು 85ರಿಂದ 90ರವರೆಗಿನ ಪರಿಚ್ಛೇದಗಳ ತರ್ಕವನ್ನು. ಸುವಾರ್ತೆಯು ಒಂದು ನೆಲದ ಸಂಸ್ಕೃತಿಯಲ್ಲಿ ಬೇರೂರಿ ಅಲ್ಲಿನ ರೂಪವನ್ನೇ ತಾಳಬೇಕೆಂಬ ತತ್ತ್ವವನ್ನು ದೇವಶಾಸ್ತ್ರಜ್ಞರು ಸಂಸ್ಕೃತೀಕರಣವೆನ್ನುತ್ತಾರೆ (ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಬಳಕೆಗೆ ತಂದ ಪದಕ್ಕೂ ಇದಕ್ಕೂ ಸಂಬಂಧವಿಲ್ಲ). 85ನೆಯ ಪರಿಚ್ಛೇದ ಈ ತತ್ತ್ವವನ್ನು ಧರ್ಮಸಭೆಯ ಸೇವಾಪದವಿಗಳಿಗೂ ಅನ್ವಯಿಸಬೇಕೆನ್ನುತ್ತದೆ: ಆಧ್ಯಾತ್ಮಿಕತೆ, ಪಾವಿತ್ರ್ಯ, ಸುವಾರ್ತೆಯೇ ಸ್ಥಳೀಯವಾಗಬಹುದಾದರೆ ಸೇವೆಯ ವ್ಯವಸ್ಥೆಯೇಕೆ ಆಗಬಾರದು? 86ನೆಯದು, ಅತ್ಯಂತ ದೂರದ ಹಾಡಿಗಳಲ್ಲೂ ಬಲಿಪೂಜೆ ಇನ್ನಷ್ಟು ಮೇಲಿಂದಮೇಲೆ ನಡೆಯುವಂತೆ ಆ ವ್ಯವಸ್ಥೆ ಇರಬೇಕೆಂದು ಒತ್ತಿಹೇಳುತ್ತದೆ. ಇಲ್ಲಿಯವರೆಗೆ ಓದುಗನು 111ನೆಯ ಪರಿಚ್ಛೇದದ ಪ್ರಸ್ತಾಪದ ಕಡೆಗೇ ನಡೆದುಬರುತ್ತಿದ್ದಾನೆ.

ಮುಂದಿನ ಎರಡು ಪರಿಚ್ಛೇದಗಳು ಅವನನ್ನು ಇನ್ನೂ ಹತ್ತಿರಕ್ಕೆ ಒಯ್ಯುತ್ತವೆ. ಯಾಜಕನಿಗೆ ಮಾತ್ರ ಸೇರಿದ, ಬೇರೆಯವರಿಗೆ ವಹಿಸಿಕೊಡಲಾಗದ ಕೆಲಸ ಯಾವುದು ಎಂದು ಕೇಳಿಕೊಳ್ಳುವ ಪತ್ರ, ಅಧಿಕಾರ, ಆಡಳಿತ, ಮುಖಂಡತನಗಳನ್ನೆಲ್ಲ ಒಂದೊಂದಾಗಿ ಪಕ್ಕಕ್ಕಿಟ್ಟು, ಬಲಿಪೂಜೆಯ ಅರ್ಪಣೆ ಮತ್ತು ಪಾಪನಿವೇದನೆಯ ಕ್ಷಮಾದಾನ ಎಂಬ ಎರಡಕ್ಕೆ ಬಂದು ನಿಲ್ಲುತ್ತದೆ. ಉಳಿದದ್ದನ್ನು, ದೇವರವಾಕ್ಯದ ಬೋಧನೆ, ಸಮುದಾಯದ ಸಂಘಟನೆ, ಕೆಲವು ಸಂಸ್ಕಾರಗಳ ಆಚರಣೆಯನ್ನೂ ಸೇರಿಸಿ, ಶ್ರೀಸಾಮಾನ್ಯರು ಮಾಡಬಲ್ಲರೆಂದು 89ನೆಯ ಪರಿಚ್ಛೇದ ಒಪ್ಪುತ್ತದೆ. ಇದು ಸಣ್ಣ ಮಾತಲ್ಲ. ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆಯಿಂದೀಚೆಗೆ ಯಾಜಕನನ್ನು ತಯಾರಿಸಲು ಸೆಮಿನರಿ, ಅಂದರೆ ವರ್ಷಗಟ್ಟಲೆಯ ವಸತಿಶಿಕ್ಷಣದ ಗುರುಮಠ, ಬೇಕೆಂದು ವಾದಿಸುವುದಕ್ಕೆ ಮುಖ್ಯ ಆಧಾರ ಅವನು ಬೋಧಕನೂ ಆಡಳಿತಗಾರನೂ ಆಗಿರಬೇಕೆಂಬುದೇ. ಆ ಹೊರೆಗಳನ್ನೆಲ್ಲ ಇಳಿಸಿ ಯಾಜಕತ್ವವನ್ನು ಎರಡು ಸಂಸ್ಕಾರಗಳಷ್ಟಕ್ಕೆ ಹಗುರಗೊಳಿಸಿದ ಮೇಲೆ, ಊರಿನಲ್ಲಿ ಇಪ್ಪತ್ತು ವರ್ಷದಿಂದ ಪ್ರಾರ್ಥನೆ ನಡೆಸುತ್ತಿರುವ, ಸತ್ತವರನ್ನು ಮಣ್ಣುಮಾಡುತ್ತಿರುವ, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿರುವ ಉಪದೇಶಿಯ ತಲೆಯ ಮೇಲೆ ಧರ್ಮಾಧ್ಯಕ್ಷನು ಕೈಯಿಡುವುದಕ್ಕೆ ಉಳಿದಿರುವ ಅಡ್ಡಿ ಒಂದೇ: ಅವನಿಗೆ ಹೆಂಡತಿ ಇದ್ದಾಳೆ. ಆ ಅಡ್ಡಿ ಸಿದ್ಧಾಂತದ್ದಲ್ಲ, ಶಿಸ್ತಿನದು ಎಂಬುದನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯೇ ಯಾಜಕರನ್ನು ಕುರಿತ ತನ್ನ ಆಜ್ಞಾಪತ್ರದಲ್ಲಿ ಒಪ್ಪಿಕೊಂಡಿದೆ. ಪೌರಸ್ತ್ಯ ಕಥೋಲಿಕ ಸಭೆಗಳಲ್ಲಿ ವಿವಾಹಿತ ಯಾಜಕರು ಹಿಂದಿನಿಂದಲೂ ಇದ್ದಾರೆ.

ಹೀಗೆ ಐದು ಪರಿಚ್ಛೇದಗಳು ಮೆಟ್ಟಿಲು ಕಟ್ಟಿದ ಮೇಲೆ 90ನೆಯದು ಬಾಗಿಲ ಮುಂದೆ ನಿಂತು ಬೇರೊಂದು ಓಣಿಗೆ ಹೊರಳುತ್ತದೆ. ಈ ತುರ್ತು ಅಗತ್ಯವನ್ನು ನೆನೆದು ಪೋಪರು ಧರ್ಮಾಧ್ಯಕ್ಷರನ್ನು, ಅದರಲ್ಲೂ ಲ್ಯಾಟಿನ್ ಅಮೆರಿಕದವರನ್ನು, ಕೇಳಿಕೊಳ್ಳುವುದು ಎರಡು ಸಂಗತಿ: ದೈವಕರೆಗಳಿಗಾಗಿ ಪ್ರಾರ್ಥನೆಯನ್ನು ಪ್ರೋತ್ಸಾಹಿಸಿರಿ, ಮಿಷನರಿ ಮನಸ್ಸಿರುವವರನ್ನು ಅಮೆಜಾನಿಗೆ ಕಳಿಸುವುದರಲ್ಲಿ ಇನ್ನಷ್ಟು ಉದಾರಿಗಳಾಗಿರಿ. ಬಳಿಕ ಗುರುಗಳ ಶಿಕ್ಷಣವನ್ನು ಸ್ಥಳೀಯ ಸಂಸ್ಕೃತಿಗಳಿಗೆ ತಕ್ಕಂತೆ ತಿದ್ದಬೇಕೆಂಬ ಮಾತು ಬರುತ್ತದೆ. ಸ್ಥಳೀಯ ರೂಪದ ಸೇವಾಪದವಿಗಳನ್ನು ಕೇಳಿದ ತರ್ಕ ಇಲ್ಲಿ ಹೊರಗಿನವರ ಸಾಗಣೆಯಲ್ಲಿ ಮುಗಿಯುತ್ತದೆ. ಮೊದಲಿನ ಐದು ಪರಿಚ್ಛೇದಗಳನ್ನು ಅಳಿಸಿಹಾಕಿದರೂ ಈ ತೀರ್ಮಾನ ಇದ್ದಂತೆಯೇ ಇರುತ್ತಿತ್ತು. ಸಾಲದ್ದಕ್ಕೆ ಅದು ಹಳೆಯದು. ಹನ್ನೆರಡನೆಯ ಪೀಯುಸ್ 1957ರಲ್ಲಿ ‘ಫಿದೇಯಿ ದೋನುಮ್’ ಎಂಬ ವಿಶ್ವಪತ್ರದಲ್ಲಿ ಆಫ್ರಿಕಕ್ಕೆ ಯಾಜಕರನ್ನು ಕಳಿಸಿಕೊಡಿರೆಂದು ಜಗತ್ತಿನ ಧರ್ಮಾಧ್ಯಕ್ಷರಿಗೆ ಕೊಟ್ಟ ಕರೆಯೇ ಇದು. ‘ಹೊಸ ದಾರಿಗಳು’ ಎಂಬುದನ್ನು ತಲೆಬರಹದಲ್ಲೇ ಇಟ್ಟುಕೊಂಡು ಕೂಡಿದ್ದ ಸಿನೊಡಿಗೆ ಅರವತ್ತಮೂರು ವರ್ಷದ ಹಿಂದಿನ ದಾರಿಯನ್ನು ತೋರಿಸಲಾಯಿತು.

ತೊಂಬತ್ತರ ಜೊತೆ ಬರುವ 132ನೆಯ ಅಡಿಟಿಪ್ಪಣಿಯನ್ನು ವಿಮರ್ಶಕರು ಓದಿದ್ದಾರೆಯೇ ಎಂಬುದು ಅನುಮಾನ. ಅಮೆಜಾನ್ ಕಣಿವೆಯ ಕೆಲವು ದೇಶಗಳಿಂದ ತಮ್ಮದೇ ನಾಡಿನ ಅಮೆಜಾನ್ ಪ್ರದೇಶಕ್ಕೆ ಹೋಗುವವರಿಗಿಂತ ಹೆಚ್ಚು ಮಿಷನರಿಗಳು ಯೂರೋಪಿಗೂ ಅಮೆರಿಕಕ್ಕೂ ಹೋಗುತ್ತಿದ್ದಾರೆಂದು ಅದು ದೂರುತ್ತದೆ. ದೂರು ನಿಜವೇ, ಕೇರಳದ, ಮಂಗಳೂರು ಕಡೆಯ ಯಾಜಕರು ಜರ್ಮನಿ, ಇಟಲಿ, ಅಮೆರಿಕಗಳ ಧರ್ಮಕೇಂದ್ರಗಳನ್ನು ನಡೆಸುತ್ತಿರುವುದನ್ನು ಬಲ್ಲ ಕನ್ನಡ ಓದುಗರಿಗೆ ಈ ಹರಿವಿನ ದಿಕ್ಕು ಹೊಸದಲ್ಲ. ಆದರೆ ಔದಾರ್ಯವನ್ನು ನೆಚ್ಚಿದ ವ್ಯವಸ್ಥೆಯಲ್ಲಿ ಔದಾರ್ಯ ಹಣ ಮತ್ತು ಸೌಕರ್ಯವಿರುವ ಕಡೆಗೇ ಹರಿಯುತ್ತದೆ ಎಂಬುದಕ್ಕೆ ಆ ಟಿಪ್ಪಣಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೇಲಿನ ಪರಿಚ್ಛೇದ ಸೂಚಿಸಿದ ಮದ್ದು ಕೆಲಸ ಮಾಡುತ್ತಿಲ್ಲವೆಂದು ಕೆಳಗಿನ ಟಿಪ್ಪಣಿ ವರದಿ ಮಾಡುತ್ತಿದೆ.

ನೆರೆಯವನ ಪ್ರಶ್ನೆ ಎದ್ದು ಕಾಣುವುದು ಇಲ್ಲಿಯೇ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಾಮತಿಯಲ್ಲಿ, ಅಂದರೆ ದೃಷ್ಟಾಂತಕಥೆಯಲ್ಲಿ, ಗಾಯಗೊಂಡವನನ್ನು ಕಂಡೂ ದಾಟಿಹೋದವರಲ್ಲಿ ಮೊದಲಿಗನು ಯಾಜಕ. ನಿಂತವನು ಅದೇ ದಾರಿಯಲ್ಲಿ ನಡೆಯುತ್ತಿದ್ದ ಸಮಾರ್ಯದವನು, ಧಾರ್ಮಿಕ ಯೋಗ್ಯತೆ ಇಲ್ಲದವನೆಂದು ಎಣಿಸಲ್ಪಟ್ಟವನು. ಯಾರೂ ಅವನನ್ನು ಕಳಿಸಿರಲಿಲ್ಲ. ಇದೇ ಸಾಮತಿಯನ್ನು ಫ್ರಾನ್ಸಿಸ್ 2020ರ ಅಕ್ಟೋಬರಿನ ‘ಫ್ರಾತೆಲ್ಲಿ ತುತ್ತಿ’ ವಿಶ್ವಪತ್ರದ ಎರಡನೆಯ ಅಧ್ಯಾಯದಲ್ಲಿ ಬಹಳ ಸೂಕ್ಷ್ಮವಾಗಿ ಓದಿದ್ದಾರೆ. ಅದೇ ಕಣ್ಣಿನಿಂದ ಅಮೆಜಾನಿನ ದಾರಿಯನ್ನು ನೋಡಿದ್ದರೆ, ಗಾಯಗೊಂಡವನ ಪಕ್ಕದಲ್ಲಿ ಈಗಾಗಲೇ ಕುಳಿತಿರುವ ಉಪದೇಶಿ ಅವರಿಗೆ ಕಾಣಿಸಬೇಕಿತ್ತು. ಇಡೀ ಪತ್ರ ಮೂಲನಿವಾಸಿಯನ್ನು ಪ್ರೀತಿಗೆ ಪಾತ್ರನೆಂದು ಕಾಣುತ್ತದೆ, ಅವನಿಂದ ಕಲಿಯಬೇಕೆಂದೂ ಹೇಳುತ್ತದೆ. ತನ್ನ ಊರಿನವರಿಗೆ ಅವನೇ ಸಂಸ್ಕಾರ ಕೊಡಬಲ್ಲ ನೆರೆಯವನಾಗಬಹುದೆಂಬ ಕಡೆಯ ಹೆಜ್ಜೆಯನ್ನು ಮಾತ್ರ ಇಡುವುದಿಲ್ಲ.

ಪತ್ರದ ವ್ಯಾಖ್ಯಾನಕಾರರು ಈ ಕೊರತೆಯನ್ನು ಮುಚ್ಚಿದ ಬಗೆ ಇನ್ನೂ ಬೇಸರ ತರಿಸುವಂಥದ್ದು. ಒಂದು ಪಂಗಡದವರು, ಪೋಪರು ಎರಡನೆಯ ಪರಿಚ್ಛೇದದಲ್ಲಿ ಸಿನೊಡಿನ ದಸ್ತಾವೇಜಿನ ಸ್ಥಾನವನ್ನು ಈ ಪತ್ರ ಆಕ್ರಮಿಸುವುದಿಲ್ಲವೆಂದು ಬರೆದಿರುವುದನ್ನು ಹಿಡಿದುಕೊಂಡು, ಮೌನವೆಂದರೆ ತೆರೆದ ಬಾಗಿಲು ಎನ್ನುತ್ತಾರೆ. ಐದು ವರ್ಷ ತೆರೆದಿದ್ದರೂ ಫ್ರಾನ್ಸಿಸ್ 2025ರಲ್ಲಿ ತೀರಿಕೊಳ್ಳುವವರೆಗೆ ಆ ಬಾಗಿಲಲ್ಲಿ ಒಬ್ಬರೂ ಒಳಗೆ ಹೋಗಲಿಲ್ಲ ಎಂಬುದು ಅವರ ವ್ಯಾಖ್ಯಾನವನ್ನು ಕಿಂಚಿತ್ತೂ ಅಲುಗಿಸಿದಂತಿಲ್ಲ. ಎದುರು ಪಂಗಡದವರು ಅದೇ ಮೌನವನ್ನು ಬ್ರಹ್ಮಚರ್ಯದ ಸಿದ್ಧಾಂತಕ್ಕೆ ಸಿಕ್ಕ ಜಯವೆಂದು ಹಾಡಿದರು. ಹೇಳದ ಮಾತಿನಿಂದ ಸಿದ್ಧಾಂತವನ್ನು ಕಡೆದು ತೆಗೆಯುವ ಈ ವಿದ್ಯೆ ಇಬ್ಬರಿಗೂ ಸಮಾನ. 2020ರ ಜನವರಿಯಲ್ಲಿ ಬಂದ, ಬ್ರಹ್ಮಚರ್ಯವನ್ನು ಸಮರ್ಥಿಸಿದ ಕಾರ್ಡಿನಲ್ ಸಾರಾ ಮತ್ತು ಹಿಂದಿನ ಪೋಪ್ ಬೆನೆಡಿಕ್ಟರ ಪುಸ್ತಕದ ಗದ್ದಲಕ್ಕೆ ಫ್ರಾನ್ಸಿಸ್ ಬೆದರಿದರೆಂಬ ಕಥೆಯಂತೂ ಪತ್ರಿಕೆಗಳ ಹರಟೆ; ಪಠ್ಯದ ತರ್ಕ ಎಲ್ಲಿ ಮುರಿಯಿತೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೆಚ್ಚು ಗಂಭೀರವಾದದ್ದು, ಆದುದರಿಂದ ಹೆಚ್ಚು ಅಪಾಯಕಾರಿಯಾದದ್ದು, ಮೂರನೆಯ ವಾದ: ವಿವಾಹಿತ ಯಾಜಕರ ಪ್ರಶ್ನೆ ಯೂರೋಪಿನ ಸುಧಾರಕರ ಮತ್ತು ಪತ್ರಕರ್ತರ ಗೀಳು, ಅಮೆಜಾನಿನ ಬಡವನಿಗೆ ಬೇಕಾದದ್ದು ನೆಲ, ನೀರು, ನ್ಯಾಯ ಎಂಬುದು. ಕೇಳಲು ಇದು ಬಡವರ ಪರವಾಗಿಯೇ ಇದೆ. ಆದರೆ ಬಲಿಪೂಜೆಯಿಲ್ಲದ ಸಮುದಾಯಗಳ ಅಳಲನ್ನು 86ನೆಯ ಪರಿಚ್ಛೇದವೇ ದಾಖಲಿಸುತ್ತದೆ. ಪ್ರಸ್ತಾಪವನ್ನು ಬರೆದವರೂ ಅದಕ್ಕೆ ಮತ ಹಾಕಿದವರೂ ಬಹುಮಟ್ಟಿಗೆ ಆ ಪ್ರದೇಶದ ಧರ್ಮಾಧ್ಯಕ್ಷರೇ. ಅವರ ವಾದಕ್ಕೆ ಬಹುಕಾಲ ದನಿಯಾದ ಎರ್ವಿನ್ ಕ್ರಾಯ್ಟ್ಲರ್ 1981ರಿಂದ 2015ರವರೆಗೆ ಬ್ರೆಜಿಲಿನ ಶಿಂಗು ಪ್ರಾಂತ್ಯದ ಧರ್ಮಾಧ್ಯಕ್ಷರಾಗಿದ್ದವರು. ಆಸ್ಟ್ರಿಯದಲ್ಲಿ ಹುಟ್ಟಿ ಯೌವನದಲ್ಲೇ ಅಲ್ಲಿಗೆ ಹೋಗಿ ಬಾಳು ಸವೆಸಿದ ಈ ಮನುಷ್ಯ 90ನೆಯ ಪರಿಚ್ಛೇದ ಹಾರೈಸುವ ಮಿಷನರಿಯ ಪ್ರತ್ಯಕ್ಷ ಮಾದರಿ. ಅಂಥವರೇ ಮಿಷನರಿಗಳನ್ನು ಕಳಿಸಿದರೆ ಸಾಲದೆಂದು ಹೇಳುತ್ತಿರುವಾಗ ಅದನ್ನು ಹೊರಗಿನವರ ಗೀಳೆಂದು ಕರೆಯುವುದು ಹೇಗೆ? ನ್ಯಾಯವನ್ನೂ ಸಂಸ್ಕಾರವನ್ನೂ ಎದುರುಬದುರು ನಿಲ್ಲಿಸುವ ಈ ವಿಮರ್ಶಕರು, ಬಲಿಪೂಜೆಯೇ ಧರ್ಮಸಭೆಯನ್ನು ಕಟ್ಟುತ್ತದೆಂದು ಅದೇ ಪತ್ರ ಸಾರುವುದನ್ನು ಮರೆತು, ಬಡವನಿಗೆ ಅನ್ನದ ಹಸಿವು ಮಾತ್ರ ಸಲ್ಲುತ್ತದೆಂಬ ಹಳೆಯ ತಾತ್ಸಾರವನ್ನು ಹೊಸ ಕರುಣೆಯ ಬಟ್ಟೆಯಲ್ಲಿ ಸುತ್ತಿಕೊಡುತ್ತಿದ್ದಾರೆ. ಈ ನಡುವೆ ಆ ನದೀತೀರಗಳಲ್ಲಿ ಪೆಂತೆಕೋಸ್ತ್ ಸಭೆಗಳು ಬೆಳೆಯುತ್ತಿವೆ. ಅವುಗಳ ಪಾಸ್ಟರು ಅನೇಕ ಕಡೆ ಅದೇ ಊರಿನ ಸಂಸಾರಸ್ಥ.

ಸಂತ ಜೋಸೆಫ್ ವಾಜರ ಉದಾಹರಣೆಯನ್ನು ಎತ್ತಿ, ಮಿಷನರಿಗಳನ್ನು ಕಳಿಸುವ ಪದ್ಧತಿಯನ್ನು ಸಮರ್ಥಿಸುವುದು ಸಾಧ್ಯ. ಗೋವೆಯ ಈ ಯಾಜಕ 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದು, 1687ರಲ್ಲಿ ವೇಷ ಮರೆಸಿಕೊಂಡು ಸಿಲೋನಿಗೆ ಹೋಗಿ, ಡಚ್ಚರ ಆಳ್ವಿಕೆಯಲ್ಲಿ ಗುರುವಿಲ್ಲದೆ ಉಳಿದಿದ್ದ ಕಥೋಲಿಕರನ್ನು 1711ರಲ್ಲಿ ಸಾಯುವವರೆಗೆ ನೋಡಿಕೊಂಡರು. 2015ರಲ್ಲಿ ಕೊಲಂಬೊದಲ್ಲಿ ಅವರಿಗೆ ಸಂತಪದವಿ ಕೊಟ್ಟವರು ಫ್ರಾನ್ಸಿಸರೇ. ಆದರೆ ವಾಜರು ಯೂರೋಪಿನ ಔದಾರ್ಯದಿಂದ ಬಂದವರಲ್ಲ. ಗೋವೆಯ ನೆಲದ ಮಕ್ಕಳಿಗೂ ಗುರುದೀಕ್ಷೆ ಸಿಕ್ಕಿದ್ದರಿಂದ, ಆ ಯಾಜಕರು ತಮ್ಮದೇ ಸಂಘ ಕಟ್ಟಿಕೊಂಡಿದ್ದರಿಂದ, ಅವರ ಯಾತ್ರೆ ಸಾಧ್ಯವಾಯಿತು.

ಪತ್ರ ವಿವಾಹಿತರಿಗೆ ಕೊಡುವುದು ಡೀಕನ್ ಪದವಿಯನ್ನು. ಅಮೆಜಾನಿನಲ್ಲಿ ಖಾಯಂ ಡೀಕನರು ಇನ್ನೂ ಎಷ್ಟೋ ಹೆಚ್ಚಬೇಕೆಂದು 92ನೆಯ ಪರಿಚ್ಛೇದ ಬಯಸುತ್ತದೆ. ಮೆಕ್ಸಿಕೊದ ಚಿಯಾಪಾಸಿನಲ್ಲಿ ಧರ್ಮಾಧ್ಯಕ್ಷ ಸಾಮ್ಯುಯೆಲ್ ರುಯಿಸ್ ಮೂಲನಿವಾಸಿ ಸಂಸಾರಸ್ಥರನ್ನು ನೂರಾರು ಸಂಖ್ಯೆಯಲ್ಲಿ ಡೀಕನರನ್ನಾಗಿ ಮಾಡಿದಾಗ, ಅದು ವಿವಾಹಿತ ಯಾಜಕತ್ವಕ್ಕೆ ಏಣಿಯಾದೀತೆಂದು ಶಂಕಿಸಿ ರೋಮ್ ಹೊಸ ದೀಕ್ಷೆಗಳನ್ನೇ ತಡೆಹಿಡಿದಿತ್ತು; 2014ರಲ್ಲಿ ಆ ತಡೆಯನ್ನು ತೆಗೆದವರು ಫ್ರಾನ್ಸಿಸ್. ಅವರೇ 2021ರ ಮೇ ತಿಂಗಳಲ್ಲಿ ಉಪದೇಶಿಯ ಕೆಲಸವನ್ನು ಸ್ತ್ರೀಪುರುಷರಿಬ್ಬರಿಗೂ ಸಲ್ಲುವ ಅಧಿಕೃತ ಸೇವಾಪದವಿಯಾಗಿ ಸ್ಥಾಪಿಸಿದರು. ಎರಡೂ ಒಳ್ಳೆಯ ಕೆಲಸಗಳೇ. ಆದರೆ 87 ಮತ್ತು 88ನೆಯ ಪರಿಚ್ಛೇದಗಳು ಯಾಜಕನಿಗಷ್ಟೇ ಸೇರಿದವೆಂದು ಬೇರ್ಪಡಿಸಿದ ಎರಡು ಕೆಲಸಗಳಲ್ಲಿ ಒಂದನ್ನೂ ಡೀಕನನಾಗಲಿ ಉಪದೇಶಿಯಾಗಲಿ ಮಾಡುವಂತಿಲ್ಲ. ಅವೆರಡಕ್ಕಾಗಿ ದೋಣಿ ಕಾಯುವ ಊರುಗಳು ಅಮೆಜಾನಿನಲ್ಲಿ ಈಗಲೂ ಇವೆ.