ಋಣದ ಗಡಿರೇಖೆ ಮತ್ತು ಬಡವರ ಮನೆ: ಇಂಗ್ಲೆಂಡಿನ ಗೃಹಸಂಘ ನೀತಿಯ ಒಂದು ವಿಮರ್ಶೆ

ಸರ್ಕಾರದ ಲೆಕ್ಕಪತ್ರಗಳನ್ನು ಚರಿತ್ರೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅರ್ಥಶಾಸ್ತ್ರಜ್ಞರ ಪಾಲಿಗೆ ಬಿಟ್ಟುಬಿಡುತ್ತಾರೆ. ಆದರೆ ಯಾವ ಸಾಲವನ್ನು ಸಾರ್ವಜನಿಕ ಋಣವೆಂದು ಎಣಿಸಬೇಕು, ಯಾವುದನ್ನು ಎಣಿಸಬಾರದು ಎಂಬುದು ಕೇವಲ ಲೆಕ್ಕಿಗರ ಪ್ರಶ್ನೆಯಲ್ಲ. ಬಡವರು ಯಾರ ಮನೆಯಲ್ಲಿ ವಾಸಿಸಬೇಕು, ಎಷ್ಟು ಬಾಡಿಗೆ ತೆರಬೇಕು, ಮನೆ ಸೋರಿದರೆ ಯಾರನ್ನು ಕೇಳಬೇಕು ಎಂಬ ವಿಷಯಗಳು ಕೂಡ ಆ ಪ್ರಶ್ನೆಗೆ ದೊರೆಯುವ ಉತ್ತರದಿಂದ ನಿರ್ಧಾರವಾಗಬಹುದು. ಇಂಗ್ಲೆಂಡಿನ ಗೃಹನಿರ್ಮಾಣದ ಕಳೆದ ಐವತ್ತು ವರ್ಷಗಳ ಚರಿತ್ರೆ ಇದಕ್ಕೆ ಸ್ಪಷ್ಟವಾದ ನಿದರ್ಶನ. ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಲಾಭೋದ್ದೇಶವಿಲ್ಲದ ಗೃಹಸಂಘಗಳ ಮೂಲಕ ಸಾಲ ತರುವ ನೀತಿಯ ಸಮರ್ಥಕರು ಹೇಳುವ ವಾದಗಳನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಗೃಹಸಂಘಗಳು ಹೊಸ ಸೃಷ್ಟಿಯಲ್ಲ. ಅಮೆರಿಕದ ಧನಿಕ ಜಾರ್ಜ್ ಪೀಬಾಡಿ ೧೮೬೨ರಲ್ಲಿ ಲಂಡನ್ನಿನ ಬಡವರಿಗಾಗಿ ಸ್ಥಾಪಿಸಿದ ದತ್ತಿನಿಧಿ ಇಂದಿಗೂ ಒಂದು ದೊಡ್ಡ ಗೃಹಸಂಘವಾಗಿ ಉಳಿದುಬಂದಿದೆ. ಆದರೆ ವಿಕ್ಟೋರಿಯಾ ಯುಗದ ದಾನಬುದ್ಧಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ನಗರಗಳ ಕೊಳೆಗೇರಿಗಳನ್ನು ತೊಡೆದುಹಾಕಲು ಸಾಲಲಿಲ್ಲ. ಮೊದಲನೆಯ ಮಹಾಯುದ್ಧದ ಅನಂತರ, ೧೯೧೯ರ ಗೃಹ ಶಾಸನದಿಂದ, ಈ ಹೊಣೆ ಪುರಸಭೆಗಳೇ ಮೊದಲಾದ ಚುನಾಯಿತ ಸ್ಥಳೀಯ ಸಂಸ್ಥೆಗಳಿಗೆ ಬಂದಿತು. ಅವು ಸರ್ಕಾರದ ಸಹಾಯಧನವನ್ನು ಪಡೆದು, ಸಾಲ ಎತ್ತಿ, ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟವು. ೧೯೮೦ರ ವೇಳೆಗೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಸುಮಾರು ೫೦ ಲಕ್ಷ ಮನೆಗಳಿದ್ದವು. ಆಗ ಗೃಹಸಂಘಗಳದು ಅಲ್ಪಸ್ವಲ್ಪ ಪಾತ್ರ. ೧೯೭೪ರ ಶಾಸನ ಅವುಗಳಿಗೆ ಧಾರಾಳವಾದ ಅನುದಾನವನ್ನು ಒದಗಿಸಿತ್ತು. ನಿರ್ಮಾಣ ವೆಚ್ಚದ ಬಹುಭಾಗ ಸರ್ಕಾರದ ಬೊಕ್ಕಸದಿಂದಲೇ ಬರುತ್ತಿತ್ತು.

ಈ ವ್ಯವಸ್ಥೆ ಬದಲಾಗಲು ಕಾರಣವೇನು? ಬ್ರಿಟನ್ನಿನಲ್ಲಿ ಕೇಂದ್ರ ಸರ್ಕಾರದ ಸಾಲದ ಜೊತೆಗೆ ಸ್ಥಳೀಯ ಸಂಸ್ಥೆಗಳ ಮತ್ತು ಸಾರ್ವಜನಿಕ ನಿಗಮಗಳ ಸಾಲವನ್ನೂ ಕೂಡಿಸಿ ಒಂದೇ ಮೊತ್ತವಾಗಿ ಲೆಕ್ಕ ಹಾಕುವ ಪದ್ಧತಿಯಿತ್ತು. ೧೯೭೬ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಬೇಡಬೇಕಾದ ಪ್ರಸಂಗ ಬಂದ ಮೇಲೆ ಈ ಮೊತ್ತವನ್ನು ತಗ್ಗಿಸುವುದೇ ರಾಜ್ಯನೀತಿಯ ಮುಖ್ಯ ಗುರಿಗಳಲ್ಲಿ ಒಂದಾಯಿತು. ಪುರಸಭೆ ಮನೆ ಕಟ್ಟಲು ತೆಗೆದುಕೊಂಡ ಸಾಲ ಬಾಡಿಗೆಯಿಂದಲೇ ತೀರುವಂಥದಾದರೂ, ನಿತ್ಯದ ವೆಚ್ಚಕ್ಕಾಗಿ ಮಾಡಿದ ಸಾಲದೊಡನೆ ಅದೂ ಅದೇ ಮೊತ್ತಕ್ಕೆ ಸೇರುತ್ತಿತ್ತು. ಮರಳಿ ಬರುವ ಹೂಡಿಕೆಗೂ ಕರಗಿಹೋಗುವ ಖರ್ಚಿಗೂ ಅಲ್ಲಿ ಭೇದವಿರಲಿಲ್ಲ.

೧೯೮೦ರ ಶಾಸನ ಪುರಸಭೆಯ ಬಾಡಿಗೆದಾರರಿಗೆ ತಾವಿದ್ದ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕನ್ನು ಕೊಟ್ಟಿತು. ಮಾರಾಟದಿಂದ ಬಂದ ಹಣವನ್ನು ಹೊಸ ಮನೆಗಳಿಗೆ ವಿನಿಯೋಗಿಸುವುದಕ್ಕೆ ಕಠಿಣವಾದ ನಿರ್ಬಂಧಗಳು ಬಂದವು. ಅನಂತರ ೧೯೮೮ರ ಶಾಸನ ಗೃಹಸಂಘಗಳ ಅನುದಾನದ ಪಾಲನ್ನು ಮಿತಿಗೊಳಿಸಿ, ಉಳಿದ ಹಣವನ್ನು ಖಾಸಗಿ ಬ್ಯಾಂಕುಗಳಿಂದ ತರುವ ದಾರಿಯನ್ನು ತೆರೆಯಿತು. ಹಾಗೆ ತಂದ ಸಾಲ ಸಾರ್ವಜನಿಕ ಋಣದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಅದೇ ವರ್ಷ ಚಿಲ್ಟರ್ನ್ ಜಿಲ್ಲೆಯ ಸ್ಥಳೀಯ ಸಂಸ್ಥೆ ತನ್ನ ಮನೆಗಳೆಲ್ಲವನ್ನೂ ಹೊಸದಾಗಿ ರಚಿತವಾದ ಗೃಹಸಂಘವೊಂದಕ್ಕೆ ವರ್ಗಾಯಿಸಿತು. ಇತರ ಅನೇಕ ಸಂಸ್ಥೆಗಳು ಅದೇ ಹಾದಿಯನ್ನು ಹಿಡಿದವು. ೨೦೦೮ರ ಹೊತ್ತಿಗೆ ಗೃಹಸಂಘಗಳ ಮನೆಗಳ ಸಂಖ್ಯೆ ಸ್ಥಳೀಯ ಸಂಸ್ಥೆಗಳ ಮನೆಗಳ ಸಂಖ್ಯೆಯನ್ನು ಮೀರಿತು.

ಒಂದು ಬೀದಿಯಲ್ಲಿ ಒಂದೇ ಬಗೆಯ ಎರಡು ಮನೆಗಳಿವೆಯೆಂದು ಭಾವಿಸೋಣ. ಎರಡರಲ್ಲಿಯೂ ಬಡ ಕುಟುಂಬಗಳಿವೆ; ಎರಡು ಕುಟುಂಬಗಳ ಬಾಡಿಗೆಗೂ ಸರ್ಕಾರ ಕೊಡುವ ವಸತಿಭತ್ಯವೇ ಆಧಾರ. ಒಂದು ಮನೆ ಪುರಸಭೆಯದು. ಅದರ ಸಾಲ ರಾಷ್ಟ್ರದ ಋಣ. ಇನ್ನೊಂದು ಗೃಹಸಂಘದ್ದು, ಅದರ ಸಾಲ ಖಾಸಗಿ ಋಣ. ಪುರಸಭೆಗೆ ಸಾಲ ಸರ್ಕಾರದ ಮೂಲಕವೇ ಕಡಮೆ ಬಡ್ಡಿಗೆ ದೊರೆಯುತ್ತದೆ. ಗೃಹಸಂಘ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ಬಡ್ಡಿಯನ್ನು ತೆರಬೇಕಾಗುತ್ತದೆ. ಆ ಹೆಚ್ಚಿನ ಬಡ್ಡಿ ಬಾಡಿಗೆಗೆ ಸೇರಿ, ಬಾಡಿಗೆಯ ಮೂಲಕ ವಸತಿಭತ್ಯಕ್ಕೆ ಸೇರಿ, ಕೊನೆಗೆ ಸರ್ಕಾರದ ಬೊಕ್ಕಸಕ್ಕೇ ಭಾರವಾಗುತ್ತದೆ. ಮುಂಬಾಗಿಲಿನಿಂದ ಹೊರಗೆ ಹಾಕಿದ ವೆಚ್ಚ ಹಿತ್ತಲಬಾಗಿಲಿನಿಂದ ಒಳಗೆ ಬಂದಂತಾಯಿತು. ೨೦೧೦ರ ಅನಂತರ ಅನುದಾನವನ್ನು ಬಹಳವಾಗಿ ಕಡಿದು, ಮಾರುಕಟ್ಟೆ ದರದ ನೂರಕ್ಕೆ ೮೦ರವರೆಗೆ ಬಾಡಿಗೆ ವಿಧಿಸಲು ಅನುಮತಿ ಕೊಟ್ಟಾಗ ಈ ಪ್ರವೃತ್ತಿ ತನ್ನ ತಾರ್ಕಿಕ ಅಂತ್ಯವನ್ನು ಮುಟ್ಟಿತು.

ನೀತಿಯ ಸಮರ್ಥಕರ ಮೊದಲನೆಯ ವಾದ ಇದು: ಗೃಹಸಂಘಗಳಿಲ್ಲದಿದ್ದರೆ ಆ ದಶಕಗಳಲ್ಲಿ ಬಡವರಿಗೆ ಮನೆಗಳೇ ದೊರೆಯುತ್ತಿರಲಿಲ್ಲ. ಇದರಲ್ಲಿ ಸತ್ಯಾಂಶವಿದೆ. ೨೦೦೦ದ ಆಸುಪಾಸಿನಲ್ಲಿ ಸ್ಥಳೀಯ ಸಂಸ್ಥೆಗಳು ವರ್ಷಕ್ಕೆ ಕೆಲವೇ ನೂರು ಮನೆಗಳನ್ನು ಕಟ್ಟುತ್ತಿದ್ದಾಗ ಸಾವಿರಾರು ಮನೆಗಳನ್ನು ಕಟ್ಟಿದ ಕೀರ್ತಿ ಗೃಹಸಂಘಗಳದು. ಆದರೆ ಒಬ್ಬನ ಕೈಗಳನ್ನು ಕಟ್ಟಿಹಾಕಿ, ಇನ್ನೊಬ್ಬನು ಅವನಿಗಿಂತ ಹೆಚ್ಚು ದುಡಿದನೆಂದು ಹೊಗಳುವುದು ನ್ಯಾಯವಾದ ತುಲನೆಯಾಗಲಾರದು.

ಎರಡನೆಯ ವಾದ, ಬಾಡಿಗೆದಾರರೇ ಮತ ಹಾಕಿ ವರ್ಗಾವಣೆಗೆ ಒಪ್ಪಿದರು ಎಂಬುದು. ಮತದಾನ ನಡೆದದ್ದು ನಿಜ. ಆದರೆ ಜೀರ್ಣವಾದ ಮನೆಗಳ ದುರಸ್ತಿಗೆ ಬೇಕಾದಷ್ಟು ಹಣ ಪುರಸಭೆಗೆ ದೊರೆಯದು, ಅದರಿಂದ ಬೇರೆಯಾದ ಏರ್ಪಾಡನ್ನು ಒಪ್ಪಿದರೆ ಮಾತ್ರ ದೊರೆಯುವುದು ಎಂಬ ಸ್ಥಿತಿಯಲ್ಲಿ ನಡೆದ ಮತದಾನವನ್ನು ಪೂರ್ಣ ಸ್ವತಂತ್ರವಾದ ಆಯ್ಕೆಯೆಂದು ಕರೆಯುವುದು ಕಷ್ಟ. ಆ ಸ್ಥಿತಿಯಲ್ಲಿಯೂ ೨೦೦೨ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಬಾಡಿಗೆದಾರರು ವರ್ಗಾವಣೆಯನ್ನು ಬಹುಮತದಿಂದ ತಿರಸ್ಕರಿಸಿದರು. ತಮ್ಮ ಮನೆಯ ಒಡೆಯನನ್ನು ಚುನಾವಣೆಯಲ್ಲಿ ಇಳಿಸಬಲ್ಲ ಶಕ್ತಿಗೆ ಅವರು ಏನೋ ಬೆಲೆ ಕೊಟ್ಟಿದ್ದರೆಂದು ಇದರಿಂದ ಊಹಿಸಬಹುದು.

ಮೂರನೆಯ ವಾದ ಹೆಚ್ಚು ಗಂಭೀರವಾದುದು. ಗೃಹಸಂಘ ನಿಜವಾಗಿಯೂ ಸ್ವತಂತ್ರ ಸಂಸ್ಥೆ. ನಷ್ಟದ ಅಪಾಯವನ್ನು ಅದೂ ಅದಕ್ಕೆ ಸಾಲ ಕೊಟ್ಟವರೂ ಹೊರುತ್ತಾರೆ. ಆದಕಾರಣ ಅದರ ಸಾಲವನ್ನು ಸರ್ಕಾರದ ತಲೆಗೆ ಕಟ್ಟುವುದು ತಪ್ಪು, ಎಂದು ಅವರು ಹೇಳುತ್ತಾರೆ. ಈ ಸ್ವಾತಂತ್ರ್ಯದ ಸ್ವರೂಪವನ್ನು ೨೦೧೫ರಿಂದ ೨೦೧೭ರವರೆಗಿನ ಘಟನೆಗಳು ಬಯಲಿಗೆ ತಂದವು. ಐರೋಪ್ಯ ಲೆಕ್ಕಪದ್ಧತಿಯ ಪ್ರಕಾರ ಒಂದು ಸಂಸ್ಥೆ ಸಾರ್ವಜನಿಕವೋ ಖಾಸಗಿಯೋ ಎಂಬುದನ್ನು ತೀರ್ಮಾನಿಸುವುದು ಒಡೆತನವಲ್ಲ, ಹತೋಟಿ. ಈ ನಿಯಮವನ್ನನುಸರಿಸಿ ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಛೇರಿ ೨೦೧೫ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಗೃಹಸಂಘಗಳನ್ನು ಸಾರ್ವಜನಿಕ ವಲಯಕ್ಕೆ ಸೇರಿಸಿತು. ೨೦೦೮ರ ಶಾಸನ ಸರ್ಕಾರಕ್ಕೆ ಕೊಟ್ಟಿದ್ದ ಅಧಿಕಾರಗಳೇ ಇದಕ್ಕೆ ಆಧಾರ. ಸುಮಾರು ೬,೦೦೦ ಕೋಟಿ ಪೌಂಡುಗಳ ಸಾಲ ಒಂದೇ ದಿನದಲ್ಲಿ ರಾಷ್ಟ್ರದ ಋಣಕ್ಕೆ ಸೇರಿಕೊಂಡಿತು. ಅಂದು ಯಾರೂ ಹೊಸದಾಗಿ ಒಂದು ಪೌಂಡನ್ನೂ ಸಾಲ ಮಾಡಿರಲಿಲ್ಲ. ಯಾವ ಮನೆಯ ಒಂದು ಇಟ್ಟಿಗೆಯೂ ಕದಲಿರಲಿಲ್ಲ.

ಸರ್ಕಾರ ಇದಕ್ಕೆ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ೨೦೧೬ರ ಶಾಸನ, ಮನೆಗಳನ್ನು ಮಾರುವ ಮುನ್ನ ಗೃಹಸಂಘಗಳು ಅನುಮತಿ ಪಡೆಯಬೇಕೆಂಬ ನಿಯಮವನ್ನು ತೆಗೆದುಹಾಕಿತು. ೨೦೧೭ರ ನಿಯಮಗಳು ಗೃಹಸಂಘಗಳ ಆಡಳಿತ ಮಂಡಲಿಗಳಲ್ಲಿ ಸ್ಥಳೀಯ ಸಂಸ್ಥೆಗಳು ನೇಮಿಸುವ ಸದಸ್ಯರ ಪ್ರಮಾಣವನ್ನು ನೂರಕ್ಕೆ ೨೪ಕ್ಕೆ ಸೀಮಿತಗೊಳಿಸಿದವು. ಆ ವರ್ಷದ ನವೆಂಬರಿನಲ್ಲಿ ಗೃಹಸಂಘಗಳು ಪುನಃ ಖಾಸಗಿ ವಲಯಕ್ಕೆ ಸೇರಿದವು. ಋಣವೂ ಬಂದಂತೆಯೇ ಮರೆಯಾಯಿತು. ಎಂದರೆ, ಸಾರ್ವಜನಿಕ ಹಣದಿಂದ ಕಟ್ಟಿದ ಮನೆಗಳ ಮೇಲಿನ ಸಾರ್ವಜನಿಕ ಹತೋಟಿಯನ್ನು ಒಂದು ಅಂಕಿಯನ್ನು ಇಳಿಸುವುದಕ್ಕಾಗಿ ಬಿಟ್ಟುಕೊಡಲಾಯಿತು. ವಿಪರ್ಯಾಸವೆಂದರೆ, ಇದೇ ಕಾಲದಲ್ಲಿ, ೨೦೧೬ರಿಂದ ನಾಲ್ಕು ವರ್ಷ, ಗೃಹಸಂಘಗಳು ತಮ್ಮ ಬಾಡಿಗೆಯನ್ನು ವರ್ಷಕ್ಕೆ ನೂರಕ್ಕೆ ಒಂದರಂತೆ ಇಳಿಸಲೇಬೇಕೆಂದು ಸರ್ಕಾರ ಶಾಸನದ ಮೂಲಕ ವಿಧಿಸಿತ್ತು. ತನ್ನ ಆದಾಯವನ್ನು ತಾನು ನಿರ್ಧರಿಸಲಾಗದ ಸಂಸ್ಥೆಯ ಸ್ವಾತಂತ್ರ್ಯ ಎಂಥದು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಹಾಗೆಂದು ಪುರಸಭೆಯ ಒಡೆತನವೇ ಸರ್ವರೋಗಕ್ಕೂ ಮದ್ದೆಂದು ನಮ್ಮ ಅಭಿಪ್ರಾಯವಲ್ಲ. ೨೦೧೭ರ ಜೂನ್ ತಿಂಗಳಿನಲ್ಲಿ ಅಗ್ನಿಗೆ ಆಹುತಿಯಾಗಿ ೭೨ ಜನರ ಪ್ರಾಣಹಾನಿಗೆ ಕಾರಣವಾದ ಲಂಡನ್ನಿನ ಗ್ರೆನ್‌ಫೆಲ್ ಗೋಪುರ ಸ್ಥಳೀಯ ಸಂಸ್ಥೆಗೆ ಸೇರಿದ್ದೇ ಆಗಿತ್ತು. ೨೦೨೦ರಲ್ಲಿ ರಾಚ್‌ಡೇಲ್ ಪಟ್ಟಣದಲ್ಲಿ ಗೋಡೆಯ ಬೂಷ್ಟಿನಿಂದ ಎಳೆಯ ಮಗುವೊಂದು ಸತ್ತ ಮನೆ ಗೃಹಸಂಘದ್ದು. ಎರಡು ಕಡೆಯೂ ಬಾಡಿಗೆದಾರರು ಮೊದಲೇ ದೂರಿದ್ದರು, ಕೇಳುವವರಿರಲಿಲ್ಲ. ಈ ದುರಂತಗಳ ಅನಂತರ ೨೦೨೩ರ ಶಾಸನ ನಿಯಂತ್ರಕನ ಅಧಿಕಾರವನ್ನು ಮತ್ತೆ ಹೆಚ್ಚಿಸಿತು. ಅಂಕಿಗಾಗಿ ಸಡಿಲಿಸಿದ ಹಗ್ಗವನ್ನು ಜೀವಗಳಿಗಾಗಿ ಬಿಗಿಯಬೇಕಾಯಿತು.

ಈ ಗಡಿರೇಖೆ ಪ್ರಕೃತಿನಿಯಮವಲ್ಲ. ೨೦೧೨ರಿಂದ ಸ್ಥಳೀಯ ಸಂಸ್ಥೆಗಳ ಗೃಹಖಾತೆಯ ಸಾಲಕ್ಕೆ ವಿಧಿಸಿದ್ದ ಮಿತಿಯನ್ನು ೨೦೧೮ರ ಅಕ್ಟೋಬರಿನಲ್ಲಿ ಸರ್ಕಾರ ಒಂದೇ ನಿರ್ಧಾರದಿಂದ ರದ್ದುಮಾಡಿತು. ಅದರಿಂದ ರಾಜ್ಯ ದಿವಾಳಿಯಾಗಲಿಲ್ಲ. ಅನಿವಾರ್ಯವೆಂದು ಸಾರಲಾಗಿದ್ದುದು ಕೇವಲ ಆಯ್ಕೆಯಾಗಿತ್ತು. ಸಾಲಕ್ಕೆ ಮಿತಿ ಬೇಡವೆಂದು ವಿವೇಕಿಗಳು ಯಾರೂ ಹೇಳರು. ಆದರೆ ಆ ಮಿತಿ ಸಾಲದ ಭಾರವನ್ನೂ ಅದರಿಂದ ಹುಟ್ಟುವ ಆಸ್ತಿಯನ್ನೂ ತೂಗಿ ನೋಡಬೇಕೇ ಹೊರತು, ಸಾಲಪತ್ರಕ್ಕೆ ಸಹಿ ಹಾಕಿದವನ ಹೆಸರನ್ನಷ್ಟೇ ನೋಡಬಾರದು. ಶಾಸನವನ್ನೋ ತಾಮ್ರಪಟವನ್ನೋ ಓದುವಾಗ ಇದನ್ನು ಬರೆಸಿದವರು ಯಾರು, ಯಾವಾಗ, ಯಾತಕ್ಕಾಗಿ ಎಂದು ನಾವು ಕೇಳುತ್ತೇವೆ. ಸರ್ಕಾರದ ಲೆಕ್ಕದ ಪಟ್ಟಿಗೂ ಅದೇ ಪ್ರಶ್ನೆಯನ್ನು ಹಾಕುವುದು ಚರಿತ್ರಕಾರನ ಕರ್ತವ್ಯ.