ಯೋಗಿಗೆ ಕೂಲಿ ಎಷ್ಟು?

ಕುವೆಂಪು ಅವರ ‘ನೇಗಿಲ ಯೋಗಿ’ ಏನನ್ನೂ ಬೇಡದೆ ದುಡಿಯುವವನನ್ನು ಹಾಡಿ ಹೊಗಳುತ್ತದೆ. ರೈತನಿಗೆ ಮಾನ ತಂದ ಪದ್ಯ, ಒಪ್ಪೋಣ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಂದಿ ಹೊಲದಾಗ ಶೇಂಗಾ ಕೀಳೋ ಅವ್ವನಿಗೆ ನೇಗಿಲೂ ಇಲ್ಲ, ಹೊಲವೂ ಇಲ್ಲ. ಈ ಪದ್ಯದಲ್ಲಿ ಆಕೆ ಎಲ್ಲಿ? 1974ರ ಭೂಸುಧಾರಣೆ ಹೊಲ ಕೊಟ್ಟಿದ್ದು ಮುಖ್ಯವಾಗಿ ಗೇಣಿದಾರರಿಗೆ; ಕೂಲಿಯವರ ಕೈಗೆ ಸಿಕ್ಕಿದ್ದು ಕಡಿಮೆ. ಮಳೆ ಕೈಕೊಟ್ಟರೆ ಗಂಟುಮೂಟೆ ಕಟ್ಟಿ ಚಿಕ್ಕಮಗಳೂರಿನ ಕಾಫಿತೋಟಕ್ಕೆ ಗುಳೆ ಹೋಗ್ತಾರೆ. ಬೇಡದೆ ದುಡಿಯೋದು ಉಳ್ಳವನಿಗೆ ತ್ಯಾಗ, ಇಲ್ಲದವಳಿಗೆ ಉಪವಾಸ. 1948ರ ಕನಿಷ್ಠ ಕೂಲಿ ಕಾಯಿದೆಯಾದರೂ ಕೂಲಿ ಕೇಳುವುದು ಹಕ್ಕು ಅಂದಿತು. ಯೋಗಿಗೆ ಕೇಳುವ ಬಾಯೇ ಇಲ್ಲ. ಗೆಳೆಯರೇ, ನಮ್ಮ ಪದ್ಯಗಳೂ ಬರೀ ಬೆವರು ಹೊಗಳಿದರೆ ಅದೇ ಕಥೆ. ಕೂಲಿ ಎಷ್ಟು ಅಂತ ಕೇಳುವ ಪದ್ಯ ಬೇಕು.