ಕಬ್ಬು, ಇಂಗಾಲದ ಡೈಆಕ್ಸೈಡ್ ಮತ್ತು ನೀರು: ಒಂದು ಪ್ರಯೋಗದ ವಿಮರ್ಶೆ

ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಸಸ್ಯಗಳಿಗೆ ಹೆಚ್ಚು ಆಹಾರ ಸಿಗುತ್ತದೆ. ಹಾಗಾಗಿ ಕಬ್ಬು ಇನ್ನಷ್ಟು ಹುಲುಸಾಗಿ ಬೆಳೆದೀತು ಎಂಬ ಮಾತನ್ನು ನೀವು ಕೇಳಿರಬಹುದು. ಇದಕ್ಕೆ ಆಧಾರವಾಗಿ ಉಲ್ಲೇಖವಾಗುವ ಪ್ರಯೋಗಗಳಲ್ಲಿ ಮುಖ್ಯವಾದದ್ದು ಬ್ರೆಜಿಲ್‌ನ ಡಿ ಸೋಜ ಮತ್ತು ಸಂಗಡಿಗರು 2008ರಲ್ಲಿ 'ಪ್ಲಾಂಟ್, ಸೆಲ್ ಅಂಡ್ ಎನ್ವಿರಾನ್‌ಮೆಂಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ. ಅದು ಏನನ್ನು ತೋರಿಸಿತು, ಏನನ್ನು ತೋರಿಸಲಿಲ್ಲ ಎಂಬುದನ್ನು ಪರಿಶೀಲಿಸೋಣ.

ಮೇಲ್ಭಾಗ ತೆರೆದಿರುವ ಕೋಣೆಗಳಲ್ಲಿ ಕಬ್ಬನ್ನು 50 ವಾರ ಬೆಳೆಸಲಾಯಿತು. ಕೆಲವು ಕೋಣೆಗಳಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಆಗಿನ ವಾಯುವಿನಲ್ಲಿದ್ದಂತೆ ದಶಲಕ್ಷಕ್ಕೆ ಸುಮಾರು 370 ಭಾಗ. ಉಳಿದವುಗಳಲ್ಲಿ 720 ಭಾಗ. ಅವಧಿಯ ಕೊನೆಗೆ, ಹೆಚ್ಚು ಅನಿಲ ಪಡೆದ ಗಿಡಗಳಲ್ಲಿ ದ್ಯುತಿಸಂಶ್ಲೇಷಣೆ ಸುಮಾರು ಶೇ. 30, ಎತ್ತರ ಶೇ. 17, ಜೀವರಾಶಿ ಶೇ. 40ರಷ್ಟು ಹೆಚ್ಚಿತ್ತು. ಕಬ್ಬಿನಂಥ ದೀರ್ಘಾವಧಿ ಬೆಳೆಯನ್ನು ಸುಮಾರು ಒಂದು ವರ್ಷ ಹೀಗೆ ಗಮನಿಸಿದ್ದು ಶ್ಲಾಘನೀಯ. ಕೆಲವೇ ವಾರಗಳ ಸಸಿಗಳನ್ನು ಅಳೆದು ಮುಗಿಸುವ ಪ್ರಯೋಗಗಳಿಗಿಂತ ಇದು ಹೆಚ್ಚು ನಂಬಲರ್ಹ.

ಆದರೆ ಈ ಫಲಿತಾಂಶ ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಒಗಟಿನಂತೆ ಕಾಣಬೇಕು. ಕಬ್ಬು ಸಿ4 ಸಸ್ಯ. ಈ ಮಾರ್ಗವನ್ನು ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ವಿವರಿಸಿದ್ದೂ ಕಬ್ಬಿನ ಎಲೆಗಳ ಮೇಲೆ ನಡೆಸಿದ ಪ್ರಯೋಗಗಳಿಂದಲೇ. ಇಂಥ ಎಲೆಯ ಹೊರ ಕೋಶಗಳು ಅನಿಲವನ್ನು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು, ನಾಳಗಳ ಸುತ್ತಲಿನ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ರುಬಿಸ್ಕೊ ಕಿಣ್ವದ ಸುತ್ತ ಅನಿಲದ ಸಾಂದ್ರತೆ ಈಗಾಗಲೇ ಅಧಿಕ. ಹೊಟ್ಟೆ ತುಂಬಿದವನಿಗೆ ಮತ್ತೊಮ್ಮೆ ಬಡಿಸಿದರೆ ಅವನು ಎಷ್ಟು ತಿಂದಾನು? ಹಾಗಿದ್ದರೆ ಶೇ. 40ರ ಏರಿಕೆ ಎಲ್ಲಿಂದ ಬಂತು?

ಉತ್ತರದ ಸುಳಿವು ಅದೇ ವರದಿಯಲ್ಲಿದೆ. ಅನಿಲ ಹೆಚ್ಚಿದಾಗ ಪತ್ರರಂಧ್ರಗಳು ಕಿರಿದಾದವು. ಬಾಷ್ಪವಿಸರ್ಜನೆಯ ದರ ಶೇ. 32ರಷ್ಟು ಇಳಿಯಿತು. ಅಂದರೆ ಗಿಡಕ್ಕೆ ನೀರು ಉಳಿಯಿತು. ನೀರಿನ ಕೊರತೆ ಬೀಳುವ ವೇಳೆಯಲ್ಲಿ ಇಂಥ ಗಿಡ ಹೆಚ್ಚು ಹೊತ್ತು ಬೆಳೆಯಬಲ್ಲದು.

ಈ ವಿವರಣೆಗೆ ಬೇರೆ ಕಡೆಗಳಿಂದಲೂ ಬೆಂಬಲ ಸಿಕ್ಕಿದೆ. ಅಮೆರಿಕದ ಇಲಿನಾಯ್‌ನಲ್ಲಿ ತೆರೆದ ಹೊಲದಲ್ಲೇ ಇನ್ನೊಂದು ಸಿ4 ಬೆಳೆಯಾದ ಮುಸುಕಿನ ಜೋಳಕ್ಕೆ ಹೆಚ್ಚು ಅನಿಲ ಒದಗಿಸಿದ ಪ್ರಯೋಗದ ವರದಿ 2006ರಲ್ಲಿ ಬಂತು. ಬರವಿಲ್ಲದ ಆ ಹಂಗಾಮಿನಲ್ಲಿ ಇಳುವರಿ ಹೆಚ್ಚಲಿಲ್ಲ. ಬೆಳೆ ಬಳಸಿದ ನೀರು ಮಾತ್ರ ಕಡಿಮೆಯಾಯಿತು. ಆಸ್ಟ್ರೇಲಿಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಕಬ್ಬಿನ ಅಧ್ಯಯನವೂ ಲಾಭ ಬಹುಮಟ್ಟಿಗೆ ಸಸ್ಯದ ನೀರಿನ ಸ್ಥಿತಿಯ ಮೂಲಕವೇ ಬರುತ್ತದೆ ಎಂಬ ಕಡೆಗೆ ಬೆರಳು ತೋರಿತು. ಆದ್ದರಿಂದ ಶೇ. 40 ಎಂಬ ಅಂಕಿಯನ್ನು 'ಅನಿಲದ ಗೊಬ್ಬರ' ಎಂದು ಓದುವುದು ಸರಿಯಲ್ಲ.

'ನೀರು ಉಳಿಯುವುದೂ ಲಾಭವೇ ಅಲ್ಲವೆ?' ಎಂದು ನೀವು ಕೇಳಬಹುದು. ಹೌದು, ಆದರೆ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಶೇ. 32 ಎಂಬುದು ಎಲೆಯ ಅಳತೆ, ಹೊಲದ ಅಳತೆಯಲ್ಲ. ಗಿಡ ದೊಡ್ಡದಾದರೆ ಎಲೆಯ ವಿಸ್ತಾರ ಹೆಚ್ಚಿ, ಉಳಿತಾಯದ ಒಂದು ಪಾಲು ಅಲ್ಲಿಯೇ ಖರ್ಚಾಗಬಹುದು. ಎರಡನೆಯದು, ಈ ಪ್ರಯೋಗದಲ್ಲಿ ಹೆಚ್ಚಿಸಿದ್ದು ಅನಿಲವನ್ನು ಮಾತ್ರ, ತಾಪವನ್ನಲ್ಲ. ನಿಜಜಗತ್ತಿನಲ್ಲಿ ಇವೆರಡೂ ಒಟ್ಟಿಗೆ ಏರುತ್ತವೆ. ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಗಾಳಿಯಲ್ಲಿನ ತೇವ ಅದೇ ಪ್ರಮಾಣದಲ್ಲಿ ಏರದಿದ್ದರೆ ಗಾಳಿಯ ದಾಹವೂ ಹೆಚ್ಚುತ್ತದೆ. ರಂಧ್ರ ಕಿರಿದು ಮಾಡಿ ಎಲೆ ಉಳಿಸಿದ ನೀರನ್ನು ಒಣ ಗಾಳಿ ಕಸಿದುಕೊಳ್ಳಬಹುದು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಕಬ್ಬಿಗೆ ಒಂದು ಬೆಳೆಯಲ್ಲಿ 1500ರಿಂದ 2500 ಮಿ.ಮೀ. ನೀರು ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಮಂಡ್ಯ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 700 ಮಿ.ಮೀ. ಮಳೆಯ ಪ್ರತಿ ಹನಿಯೂ ಬೇರಿಗೆ ದಕ್ಕಿತೆಂದೇ ಇಟ್ಟುಕೊಳ್ಳಿ. ಕನಿಷ್ಠ ಅಗತ್ಯಕ್ಕೂ ಇನ್ನು 800 ಮಿ.ಮೀ. ನೀರನ್ನು ನಾಲೆ ಅಥವಾ ಕೊಳವೆ ಬಾವಿ ಕೊಡಬೇಕು. ಒಂದು ಎಕರೆಗೆ ಇದು ಸುಮಾರು 32 ಲಕ್ಷ ಲೀಟರ್ ಆಗುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ ನೋಡಿ. 2023ರಂಥ ಬರಗಾಲದಲ್ಲಿ ನಾಲೆಗೆ ನೀರು ಬಿಡುವುದೇ ಕಷ್ಟವಾದಾಗ, 'ಅನಿಲ ಹೆಚ್ಚಿದೆ, ಬೆಳೆ ಬಂದೀತು' ಎಂಬ ಭರವಸೆಯಿಂದ ರೈತನಿಗೆ ಏನೂ ಸಿಗದು.

2023ರಲ್ಲಿ ಮೌನಾ ಲೋವ ವೀಕ್ಷಣಾಲಯದಲ್ಲಿ ಇಂಗಾಲದ ಡೈಆಕ್ಸೈಡಿನ ವಾರ್ಷಿಕ ಸರಾಸರಿ 420 ಭಾಗಗಳನ್ನು ದಾಟಿತು. ಬ್ರೆಜಿಲ್‌ನ ಪ್ರಯೋಗ ಒಳ್ಳೆಯದೇ. ದೋಷವಿರುವುದು ಅದರ ಒಂದು ಅಂಕಿಯನ್ನು ಮಾತ್ರ ಕಿತ್ತು ತರುವ ನಮ್ಮ ಓದಿನಲ್ಲಿ. ಇಂಥ ಅಂಕಿಯನ್ನು ತರಗತಿಯಲ್ಲಿ ಹೇಳುವ ಮುನ್ನ ಮೂರು ಪ್ರಶ್ನೆ ಕೇಳಿ: ಅಳೆದದ್ದು ಎಲೆಯನ್ನೋ ಹೊಲವನ್ನೋ? ಗಿಡಕ್ಕೆ ನೀರು ಯಥೇಚ್ಛವಾಗಿತ್ತೋ ಕೊರತೆಯಿತ್ತೋ? ಅನಿಲದ ಜೊತೆಗೆ ತಾಪವನ್ನೂ ಏರಿಸಲಾಗಿತ್ತೆ? ಈ ಮೂರಕ್ಕೂ ಉತ್ತರ ಕೊಡುವ ಪ್ರಯೋಗಗಳು ನಮ್ಮ ಮಣ್ಣಿನಲ್ಲಿ, ಕೋ 86032ರಂಥ ನಮ್ಮ ತಳಿಗಳ ಮೇಲೆ ನಡೆಯಬೇಕು. ಆ ಕೆಲಸ ಇಂದಿನ ವಿದ್ಯಾರ್ಥಿಗಳಿಗಾಗಿ ಕಾದಿದೆ.